ಕಾರವಾನ್‌ನಲ್ಲಿ ಟಿವಿ, ಇಂಟರ್ನೆಟ್: ಬ್ರಿಟನ್ನಿನ ಹಳ್ಳಿ ಸೈಟ್‌ಗಳಿಗೆ ಹೊರಡುವವರಿಗೆ

ಹಾಸನದ ಹತ್ತಿರದ ನಮ್ಮ ಹೆಂಚಿನ ಮನೆಯಲ್ಲಿ ದೂರದರ್ಶನ ನೋಡಬೇಕಾದರೆ ಮೂರು ಜನ ಬೇಕಿತ್ತು. ಅಪ್ಪ ಸೂರಿನ ಮೇಲೆ, ಅಣ್ಣ ಕಿಟಕಿಯಲ್ಲಿ, ನಾನು ಟಿವಿ ಮುಂದೆ. "ಬಂತಾ?" "ಇಲ್ಲ." "ಈಗ?" "ಬಂತು ಬಂತು... ಅಯ್ಯೋ, ಹೋಯ್ತು." ಇಂಗ್ಲೆಂಡಿಗೆ ಬಂದು, ಸೆಕೆಂಡ್ ಹ್ಯಾಂಡ್ ಕಾರವಾನ್ (ಕಾರಿನ ಹಿಂದೆ ಎಳೆದುಕೊಂಡು ಹೋಗುವ ಚಕ್ರದ ಮನೆ) ಒಂದನ್ನು ಕೊಂಡು, ವೇಲ್ಸ್‌ನ ಬಾಲಾ ಕೆರೆಯ ಹತ್ತಿರ ಒಂದು ಕುರಿ ಫಾರ್ಮಿನಲ್ಲಿ ನಿಲ್ಲಿಸಿದ ಮೊದಲ ಸಂಜೆ ನಮ್ಮನೆಯವರು ಮಳೆಯಲ್ಲಿ ಡಿಶ್ ಹಿಡಿದುಕೊಂಡು ಹೊರಗಿಂದ ಅದೇ ಪ್ರಶ್ನೆ ಕೇಳಿದರು. ನಾನು ಒಳಗಿಂದ ಅದೇ ಉತ್ತರ ಕೊಟ್ಟೆ.

ಆಮೇಲೆ ಕೆಲವು ವರ್ಷ ಸುಮಾರು ದುಡ್ಡು ದಂಡ ಮಾಡಿ ಕಲಿತದ್ದು ಇಷ್ಟೇ. ಸಿಗ್ನಲ್ ಬರದಿದ್ದರೆ ತಪ್ಪು ಬಹಳ ಸಲ ಡಬ್ಬಿಯದ್ದಲ್ಲ. ಮಧ್ಯೆ ಒಂದು ಗುಡ್ಡ ಇರುತ್ತದೆ, ಇಲ್ಲ ಒಂದು ಮರ ಇರುತ್ತದೆ, ಇಲ್ಲ ನಾವೇ ಒಂದು ಅಲ್ಯೂಮಿನಿಯಂ ಡಬ್ಬದೊಳಗೆ ಕೂತಿರುತ್ತೇವೆ. ಹಾಗಾಗಿ ಮೊದಲು ನೋಡುವುದು, ಆಮೇಲೆ ಎತ್ತರಿಸುವುದು, ಕೊನೆಗೆ ಕೊಳ್ಳುವುದು. ಅಂಗಡಿಯವರು ಇದನ್ನು ತಿರುಗಿಸಿ ಹೇಳುತ್ತಾರೆ, ಅದು ಅವರ ಹೊಟ್ಟೆಪಾಡು.

ಹೆಜ್ಜೆ 1: ಮನೆಯಲ್ಲಿ ಕೂತು ಅರ್ಧ ಗಂಟೆ

ಸೈಟ್, ಅಂದರೆ ಕಾರವಾನ್ ನಿಲ್ಲಿಸುವ ತಾಣ, ಬುಕ್ ಮಾಡುವ ಮುಂಚೆ ಅದರ ಪೋಸ್ಟ್‌ಕೋಡ್ ತೆಗೆದುಕೊಳ್ಳಿ. ಫ್ರೀವ್ಯೂ (ಟವರ್‌ನಿಂದ ಬರುವ ಮಾಮೂಲಿ ಟಿವಿ) ವೆಬ್‌ಸೈಟಿನ ಕವರೇಜ್ ಚೆಕರ್‌ನಲ್ಲಿ ಅದನ್ನು ಹಾಕಿ, ವಿವರವಾದ ಪುಟ ತೆರೆಯಿರಿ. ಯಾವ ಟವರ್‌ನಿಂದ ಸಿಗ್ನಲ್ ಬರುತ್ತದೆ, ಅದು ಯಾವ ದಿಕ್ಕಿನಲ್ಲಿದೆ, ಆಂಟೆನಾ ಅಡ್ಡ ಇರಬೇಕಾ ನೆಟ್ಟಗೆ ಇರಬೇಕಾ, ಯಾವ ಚಾನೆಲ್ ನಂಬರ್‌ಗಳು (ರಿಮೋಟ್‌ನಲ್ಲಿ ಒತ್ತುವವಲ್ಲ, ಟವರ್ ಕಳಿಸುವ ತರಂಗಗಳ ನಂಬರ್‌ಗಳು), ಎಲ್ಲಾ ಸಿಗುತ್ತದೆ. ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಯಾಕೆಂದರೆ ಅಲ್ಲಿಗೆ ಹೋದಮೇಲೆ ಇದನ್ನು ನೋಡಲು ಇಂಟರ್ನೆಟ್ ಇರುವುದಿಲ್ಲ! ಮೊದಲ ಸಲ ನಾವು ಇಲ್ಲೇ ಎಡವಿದ್ದು.

ಇನ್ನೊಂದು ಚೆಕರ್ ಆಫ್‌ಕಾಮ್‌ನದ್ದು, ಅಂದರೆ ಬ್ರಿಟನ್ನಿನ ಟಿವಿ, ಫೋನ್ ನಿಯಂತ್ರಣ ಸಂಸ್ಥೆಯದ್ದು. ಒಂದೇ ಪೋಸ್ಟ್‌ಕೋಡ್ ಹಾಕಿದರೆ ಇಇ, ಒ2, ತ್ರೀ, ವೊಡಾಫೋನ್ ಈ ನಾಲ್ಕೂ ನೆಟ್‌ವರ್ಕ್‌ಗಳ ಕವರೇಜ್ ತೋರಿಸುತ್ತದೆ. 2025ರಲ್ಲಿ ವೊಡಾಫೋನ್ ಮತ್ತು ತ್ರೀ ಒಂದೇ ಕಂಪನಿಯಾದವು, ಆದರೂ ಊರೂರಿಗೆ ಪರೀಕ್ಷಿಸುವಾಗ ನಾನು ಈಗಲೂ ನಾಲ್ಕನ್ನೂ ಬೇರೆ ಬೇರೆಯಾಗಿಯೇ ನೋಡುತ್ತೇನೆ. ಈ ಮ್ಯಾಪ್‌ಗಳನ್ನು ಪೂರ್ತಿ ನಂಬಬೇಡಿ. ಅವು ಲೆಕ್ಕ ಹಾಕಿದ ಅಂದಾಜು. ಹಳ್ಳಿಯಲ್ಲಿ ಒಂದು ಪೋಸ್ಟ್‌ಕೋಡ್ ಅಂದರೆ ನಾಲ್ಕಾರು ಫಾರ್ಮ್‌ಗಳು, ಎರಡು ಕಣಿವೆ ಎಲ್ಲಾ ಸೇರಿರಬಹುದು. ಆದರೆ ಮ್ಯಾಪೇ "ಇಲ್ಲಿ ಏನೂ ಇಲ್ಲ" ಅಂದರೆ ಮಾತ್ರ ನಂಬಿ.

ಸೈಟಿನವರಿಗೆ ಫೋನ್ ಮಾಡಿ "ಸಿಗ್ನಲ್ ಬರುತ್ತಾ?" ಅಂತ ಕೇಳಬೇಡಿ. ಎಲ್ಲರೂ "ಪರವಾಗಿಲ್ಲ" ಅಂತಾರೆ. "ನೀವು ಯಾವ ಸಿಮ್ ಬಳಸ್ತೀರಿ, ಈಗ ಈ ಫೋನ್ ಲ್ಯಾಂಡ್‌ಲೈನಾ ಮೊಬೈಲಾ?" ಅಂತ ಕೇಳಿ. ಲ್ಯಾಂಡ್‌ಲೈನ್ ಅಂದರೆ ಅರ್ಧ ಉತ್ತರ ಸಿಕ್ಕಿತು.

ಹೆಜ್ಜೆ 2: ಪಿಚ್ ಆರಿಸುವಾಗ

ಪಿಚ್ ಅಂದರೆ ಸೈಟಿನಲ್ಲಿ ನಿಮ್ಮ ಕಾರವಾನ್ ನಿಲ್ಲುವ ಜಾಗ. ಕಾರವಾನ್ ಕ್ಲಬ್‌ಗಳ ದೊಡ್ಡ ಸೈಟ್‌ಗಳಲ್ಲಿ ಆಯ್ಕೆ ಇರುತ್ತದೆ. ಐದೇ ಕಾರವಾನ್ ನಿಲ್ಲಿಸುವ ಸಣ್ಣ ಫಾರ್ಮ್ ಸೈಟ್‌ಗಳಲ್ಲಿ ಒಂದು ಹೊಲ, ನಾಲ್ಕು ಮೂಲೆ, ಅಷ್ಟೇ. ಎಲ್ಲಿಯಾದರೂ ಸರಿ, ಕಾರವಾನಿನ ಕಾಲು ಊರುವ ಮುಂಚೆ, ಅಂದರೆ ಲೆವೆಲ್ ಮಾಡಿ ಮೂಲೆಯ ಸ್ಟೆಡಿ ಇಳಿಸುವ ಮುಂಚೆ, ಫೋನಿನ ದಿಕ್ಸೂಚಿ ತೆಗೆದು ಆಗ್ನೇಯಕ್ಕೆ ಮುಖ ಮಾಡಿ ನಿಂತುಕೊಳ್ಳಿ, ಟಿವಿ ಉಪಗ್ರಹ ಇರುವುದು ಆ ಕಡೆಗೆ. ಅಲ್ಲಿ ಮರಗಳ ಸಾಲು ಇದ್ದರೆ ಡಿಶ್ ಕೆಲಸ ಮಾಡಲ್ಲ. ಇನ್ನೊಂದು ಪಿಚ್ ಕೇಳಿ. ಮರದ ನೆರಳು ಚೆಂದ, ಹೌದು, ಆದರೆ ಸಂಜೆ ಮಳೆ ಹಿಡಿದಾಗ ಮಕ್ಕಳನ್ನು ಸಂಭಾಳಿಸುವುದು ನೆರಳಲ್ಲ.

ಹೆಜ್ಜೆ 3: ಆಂಟೆನಾ

ಟಿವಿಗೆ ಅಗ್ಗದ ದಾರಿ ಫ್ರೀವ್ಯೂ, ಅಂದರೆ ಟವರ್‌ನಿಂದ ಬರುವ ಮಾಮೂಲಿ ಡಿಜಿಟಲ್ ಟಿವಿ. ಬಹಳಷ್ಟು ಕಾರವಾನ್‌ಗಳಲ್ಲಿ ಸೂರಿನ ಮೇಲೆ ಆಂಟೆನಾ ಮೊದಲೇ ಇರುತ್ತದೆ. ಎರಡು ಜಾತಿ. ಒಂದು ಹಾರುವ ತಟ್ಟೆ ಥರದ್ದು, ಎಲ್ಲಾ ದಿಕ್ಕಿನಿಂದ ಹಿಡಿಯುತ್ತದೆ, ತಿರುಗಿಸುವ ತಲೆನೋವಿಲ್ಲ. ಇನ್ನೊಂದು ದಿಕ್ಕಿಗೆ ತಿರುಗಿಸಬೇಕಾದದ್ದು. ಇದರ ಕಂಬದ ಬುಡ ಒಳಗೆ ಬೀರುವಿನಲ್ಲಿರುತ್ತದೆ, ಅಲ್ಲಿಂದಲೇ ಮೇಲಕ್ಕೆ ತಳ್ಳಬಹುದು, ತಿರುಗಿಸಬಹುದು. ನನ್ನನ್ನು ಕೇಳಿದರೆ ಹಳ್ಳಿ ಕಡೆಗೆ ಎರಡನೆಯದೇ ಸರಿ. ತಟ್ಟೆ ಥರದ್ದು ಊರ ಹತ್ತಿರ ಚೆನ್ನಾಗಿ ಹಿಡಿಯುತ್ತದೆ, ಕಣಿವೆಗೆ ಹೋದರೆ ಕೈ ಎತ್ತಿಬಿಡುತ್ತದೆ.

ಈಗ ನಿಜವಾದ ಉಪಾಯ. ಸೈಟಿಗೆ ಬರುವ ದಾರಿಯಲ್ಲಿ ಕೊನೆಯ ಹಳ್ಳಿಯ ಮನೆಗಳ ಸೂರು ನೋಡಿ. ಅಲ್ಲಿನ ಆಂಟೆನಾಗಳು ಎಲ್ಲವೂ ಒಂದೇ ಕಡೆ ತಿರುಗಿರುತ್ತವೆ, ಹೊಲದಲ್ಲಿ ನಿಂತ ಕೊಕ್ಕರೆಗಳ ಥರ. ಚಿಕ್ಕ ಚಿಕ್ಕ ಕಡ್ಡಿಗಳಿರುವ ಉದ್ದನೆಯ ತುದಿ ಟವರ್ ಕಡೆಗೆ, ಬಲೆ ಥರದ ಹಿಂಭಾಗ ಟವರ್‌ಗೆ ಬೆನ್ನು. ಆ ದಿಕ್ಕನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಇನ್ನೂ ಒಂದು ನೋಡಿ: ಕಡ್ಡಿಗಳು ನೆಲಕ್ಕೆ ಸಮಾನವಾಗಿ ಮಲಗಿವೆಯಾ, ನೆಟ್ಟಗೆ ನಿಂತಿವೆಯಾ? ಕ್ರಿಸ್ಟಲ್ ಪ್ಯಾಲೆಸ್, ಎಮ್ಲಿ ಮೂರ್, ವಿಂಟರ್ ಹಿಲ್ ಥರದ ದೊಡ್ಡ ಟವರ್‌ಗಳಿಗೆ ಮಲಗಿರಬೇಕು. ದೊಡ್ಡ ಟವರ್‌ನ ಸಿಗ್ನಲ್ ಹಿಡಿದು ಮುಂದೆ ಕಳಿಸುವ, ಕಣಿವೆಗಳಲ್ಲಿರುವ ಸಣ್ಣ ರಿಲೇ ಟವರ್‌ಗಳಿಗೆ ಬಹುತೇಕ ನಿಂತಿರಬೇಕು. ಇದನ್ನು ತಪ್ಪು ಮಾಡಿದರೆ ದಿಕ್ಕು ಎಷ್ಟೇ ಸರಿ ಇದ್ದರೂ ಚಿತ್ರ ಬರುವುದು ಕಷ್ಟ. ಕಂಬದ ತಲೆಯನ್ನು ಅಡ್ಡದಿಂದ ನೆಟ್ಟಗೆ ಮಾಡಲು ಸಾಮಾನ್ಯವಾಗಿ ಒಂದು ಹಿಡಿ ಅಥವಾ ಸ್ಕ್ರೂ ಇರುತ್ತದೆ. ಬಾಲಾದಲ್ಲಿ ನಾವು ಎರಡು ಗಂಟೆ ಒದ್ದಾಡಿದ ಮೇಲೆ, ಪಕ್ಕದ ಕಾರವಾನಿನ ತಾತ ಬಂದು ಏನೂ ಮಾತಾಡದೆ ಕೈಯನ್ನು ಅಡ್ಡ ಹಿಡಿದು, ನೆಟ್ಟಗೆ ಮಾಡಿ ತೋರಿಸಿ, ನಕ್ಕು ಹೋದರು. ಅಷ್ಟರಲ್ಲಿ ನಮಗೆ ಅರ್ಥ ಆಯ್ತು.

ತಿರುಗಿಸುವ ಕ್ರಮ ಹೀಗೆ. ಮೊದಲು ಒಳಗಿನ ಆಂಪ್ಲಿಫೈಯರ್ ಸ್ವಿಚ್ ಹಾಕಿ. ಬೀರುವಿನಲ್ಲೋ ಟಿವಿ ಹಿಂದೆಯೋ ಒಂದು ಸಣ್ಣ ಡಬ್ಬಿ ಇರುತ್ತದೆ, ದೀಪ ಹತ್ತಬೇಕು. ಇದನ್ನು ಮರೆತು ಬೈದಾಡಿಕೊಂಡವರು ನಾವೊಬ್ಬರೇ ಅಲ್ಲ. ಆಮೇಲೆ ಟಿವಿಯಲ್ಲಿ ಮ್ಯಾನುಯಲ್ ಟ್ಯೂನಿಂಗ್ ಪುಟಕ್ಕೆ ಹೋಗಿ, ಸ್ಕ್ರೀನ್‌ಶಾಟ್‌ನಲ್ಲಿರುವ ಒಂದು ಚಾನೆಲ್ ನಂಬರ್ ಹಾಕಿ. 700 ಮೆಗಾಹರ್ಟ್ಸ್ ಜಾಗವನ್ನು 2020ರಲ್ಲಿ ಮೊಬೈಲ್‌ಗೆ ಬಿಟ್ಟುಕೊಟ್ಟ ಮೇಲೆ ಟಿವಿಗೆ ಉಳಿದಿರುವುದು 21ರಿಂದ 48ರವರೆಗಿನ ನಂಬರ್‌ಗಳು. ಆ ಪುಟದಲ್ಲಿ ಸಿಗ್ನಲ್ ಬಲ, ಗುಣಮಟ್ಟ ಅಂತ ಎರಡು ಪಟ್ಟಿ ಕಾಣುತ್ತವೆ. ನೀವು ನೋಡಬೇಕಾದ್ದು ಗುಣಮಟ್ಟದ ಪಟ್ಟಿ.

ಈಗ ಆಂಟೆನಾವನ್ನು ಸ್ವಲ್ಪ ತಿರುಗಿಸಿ, ಐದು ಸೆಕೆಂಡ್ ಸುಮ್ನೆ ಇರಿ. ಮತ್ತೆ ಸ್ವಲ್ಪ, ಮತ್ತೆ ಸುಮ್ನೆ. ಅಪ್ಪನ ಕಾಲದ ಟಿವಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಚಿತ್ರ ಬರುತ್ತಾ ಬರುತ್ತಾ ಸರಿ ಆಗುತ್ತಿತ್ತು, ಕೈಗೆ ಸುಳಿವು ಸಿಗುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಿಲ್ಲ. ಇದ್ದರೆ ಪೂರ್ತಿ, ಇಲ್ಲದಿದ್ದರೆ ಕಪ್ಪು, ನಡುವೆ ಚೌಕ ಚೌಕ. ಟಿವಿಗೆ ಸಿಗ್ನಲ್ ಹಿಡಿಯಲು ಕೆಲವು ಸೆಕೆಂಡ್ ಬೇಕು. ಬೇಗ ಬೇಗ ತಿರುಗಿಸಿದರೆ ಸರಿಯಾದ ಜಾಗವನ್ನು ದಾಟಿ ಹೋಗಿರುತ್ತೀರಿ, ಗೊತ್ತೇ ಆಗಲ್ಲ. ಪಟ್ಟಿ ಮೇಲೆ ನಿಂತಮೇಲೆ ಆಟೋ ಟ್ಯೂನ್ ಮಾಡಿ. ಪ್ರತಿ ಹೊಸ ಸೈಟಿನಲ್ಲೂ ಇದನ್ನು ಮಾಡಲೇಬೇಕು.

ಗುಡ್ಡದ ಎರಡು ಕಡೆಯ ಟವರ್‌ಗಳೂ ಅರ್ಧಂಬರ್ಧ ಸಿಗುವ ಕಡೆ, ಟಿವಿ ದುರ್ಬಲವಾದದ್ದನ್ನೇ ನಂಬರ್ 1ರಲ್ಲಿ ಹಾಕಿಕೊಳ್ಳುವುದುಂಟು. ಆಗ ಆಟೋ ಬಿಟ್ಟು, ಒಂದೊಂದೇ ನಂಬರನ್ನು ಕೈಯಿಂದಲೇ ಹಾಕಿ. ಬೇಸರದ ಕೆಲಸ, ಹತ್ತು ನಿಮಿಷ.

ಕೆಲವು ಚಾನೆಲ್ ಬರುತ್ತವೆ, ಕೆಲವು ಇಲ್ಲ ಅಂದರೆ ಗಾಬರಿ ಬೇಡ. ಸಣ್ಣ ರಿಲೇ ಟವರ್‌ಗಳು ಮುಖ್ಯ ಚಾನೆಲ್‌ಗಳಿರುವ ಮೂರು ಗುಂಪುಗಳನ್ನು ಮಾತ್ರ ಕಳಿಸುತ್ತವೆ. ಬಿಬಿಸಿ, ಐಟಿವಿ, ಚಾನೆಲ್ 4 ಮತ್ತು ಅವುಗಳ ಸಂಗಾತಿಗಳು, ಅಷ್ಟಕ್ಕೇ ತೃಪ್ತಿ ಪಡಬೇಕು. ವೇಲ್ಸ್‌ನಲ್ಲಿ 4 ಒತ್ತಿದರೆ ಬರುವುದು ಎಸ್4ಸಿ, ವೆಲ್ಶ್ ಭಾಷೆಯ ಚಾನೆಲ್. ನನ್ನ ಮಗಳು ಎರಡು ಬೆಳಗ್ಗೆ ಪೂರ್ತಿ ವೆಲ್ಶ್ ಕಾರ್ಟೂನ್ ನೋಡಿದಳು. ಒಂದಕ್ಷರ ಅರ್ಥ ಆಗದಿದ್ದರೂ ಕದಲಲಿಲ್ಲ.

ಇನ್ನೊಂದು ಮಾತು. ಆಂಪ್ಲಿಫೈಯರ್ ಪೂರ್ತಿ ಜಾಸ್ತಿ ಮಾಡಿದರೆ ಒಳ್ಳೆಯದು ಅಂದುಕೊಳ್ಳಬೇಡಿ. ಟವರ್ ಹತ್ತಿರ ಇದ್ದಾಗ ಅದು ಟಿವಿಯನ್ನು ತಬ್ಬಿಬ್ಬು ಮಾಡುತ್ತದೆ, ಚಿತ್ರ ಒಡೆಯುತ್ತದೆ. ಗುಂಡಿ ತಿರುಗಿಸುವಂಥದ್ದಾದರೆ ಕಮ್ಮಿಯಿಂದ ಶುರು ಮಾಡಿ.

ಹೆಜ್ಜೆ 4: ಡಿಶ್

ಕಣಿವೆಯ ತಳದಲ್ಲಿ ಆಂಟೆನಾಗೆ ಏನೂ ಸಿಗದಿದ್ದರೂ ಡಿಶ್‌ಗೆ ಸಿಗಬಹುದು, ಅದಕ್ಕೆ ಬೇಕಾದ್ದು ಆಕಾಶದ ಒಂದು ತುಂಡು ಮಾತ್ರ. ಸ್ಕೈ, ಫ್ರೀಸ್ಯಾಟ್ ಈ ಎರಡು ಡಿಶ್ ಟಿವಿ ಸೇವೆಗಳೂ ಬರುವುದು 28.2 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಆಸ್ಟ್ರಾ ಉಪಗ್ರಹಗಳಿಂದ. ಫ್ರೀಸ್ಯಾಟ್‌ಗೆ ತಿಂಗಳ ದುಡ್ಡಿಲ್ಲ. ಹಳೆಯ ಬಾಕ್ಸ್ ಕೊಳ್ಳುವುದಾದರೆ ಎಚ್‌ಡಿ ಇದೆಯಾ ನೋಡಿಕೊಳ್ಳಿ. ಉಪಗ್ರಹದಲ್ಲಿ ಬಿಬಿಸಿಯ ಹಳೆಯ ಎಸ್‌ಡಿ (ಕಮ್ಮಿ ಸ್ಪಷ್ಟತೆಯ) ಚಾನೆಲ್‌ಗಳು 2024ರ ಜನವರಿಯಲ್ಲಿ ಮುಚ್ಚಿದವು.

ನಮ್ಮೂರಿನ ಲೆಕ್ಕ ಇಲ್ಲಿ ಹಾಕಬಾರದು. ಕರ್ನಾಟಕದಲ್ಲಿ ಮನೆ ಮೇಲಿನ ಡಿಶ್ ಬಹುಪಾಲು ಆಕಾಶ ನೋಡಿಕೊಂಡು ಮಲಗಿರುತ್ತದೆ, ಉಪಗ್ರಹ ತಲೆಯ ಮೇಲೇ ಇದ್ದಹಾಗೆ. ಇಲ್ಲಿ ಲಂಡನ್ ಕಡೆ ಅದು ದಿಗಂತದಿಂದ ಬರೀ 25 ಡಿಗ್ರಿ ಮೇಲೆ. ಸ್ಕಾಟ್ಲೆಂಡ್‌ಗೆ ಹೋದರೆ 20 ಡಿಗ್ರಿ, ಇನ್ನೂ ಉತ್ತರಕ್ಕೆ ಹೋದಷ್ಟೂ ಇನ್ನೂ ಕೆಳಗೆ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ದಿಗಂತದಿಂದ ಎರಡೂವರೆ ಮುಷ್ಟಿ ಎಣಿಸಿ, ಅಲ್ಲಿದೆ ನಿಮ್ಮ ಉಪಗ್ರಹ. ಆ ಜಾಗದಲ್ಲಿ ಎಲೆ ಕಂಡರೆ ಡಿಶ್ ಬೇರೆ ಕಡೆ ಇಡಿ. ಹತ್ತು ಮೀಟರ್ ಎತ್ತರದ ಮರ ಇಪ್ಪತ್ತು ಮೀಟರ್‌ಗಿಂತ ಹತ್ತಿರ ಇದ್ದರೆ ಅಡ್ಡ ಬರುತ್ತದೆ. ಏಪ್ರಿಲ್‌ನಲ್ಲಿ ಬೋಳು ಮರದ ಸಂದಿಯಿಂದ ಬಂದ ಸಿಗ್ನಲ್ ಜೂನ್‌ನಲ್ಲಿ ಅದೇ ಪಿಚ್‌ನಲ್ಲಿ ಬರದೇ ಇರುವುದಕ್ಕೆ ಇದೇ ಕಾರಣ.

ದಿಕ್ಕು ಸುಮಾರು 145 ಡಿಗ್ರಿ, ದಕ್ಷಿಣಕ್ಕೆ ಸ್ವಲ್ಪ ವಾಲಿದ ಆಗ್ನೇಯ. ಜೂನ್, ಜುಲೈ ತಿಂಗಳಲ್ಲಿ ಗಡಿಯಾರ ಹನ್ನೆರಡರ ಹತ್ತಿರ ಬಂದಾಗ ಸೂರ್ಯ ಸರಿಸುಮಾರು ಅದೇ ದಿಕ್ಕಿನಲ್ಲಿರುತ್ತಾನೆ. ದಿಕ್ಕಿಗೆ ಮಾತ್ರ ಸೂರ್ಯನನ್ನು ನೋಡಿ, ಎತ್ತರಕ್ಕಲ್ಲ. ಇಲ್ಲದಿದ್ದರೆ ಹಳ್ಳಿ ಮನೆಗಳ ಗೋಡೆಗಳಲ್ಲಿರುವ ಡಿಶ್‌ಗಳನ್ನು ನೋಡಿ, ಎಲ್ಲವೂ ಅಲ್ಲಿಗೇ ಮುಖ ಮಾಡಿರುತ್ತವೆ.

ಇಡುವಾಗ ಡಿಶ್‌ನ ಕಂಬ ನೇರ ಇರಬೇಕು, ರಸಮಟ್ಟ ಇಟ್ಟು ನೋಡಿ. ಕಂಬ ಓರೆ ಇದ್ದರೆ ಬದಿಯಲ್ಲಿ ಬರೆದಿರುವ ಡಿಗ್ರಿ ಗುರುತುಗಳೆಲ್ಲ ಸುಳ್ಳು. ಡಿಶ್ ಗೋಡೆಯ ಹಾಗೆ ನೆಟ್ಟಗೆ ನಿಂತಂತೆ ಕಾಣುತ್ತದೆ, "ಇದು ನೆಲ ನೋಡ್ತಿದೆಯಲ್ಲಾ" ಅನ್ನಿಸುತ್ತದೆ. ಅದರ ಆಕಾರವೇ ಹಾಗೆ, ಮೇಲಿನಿಂದ ಬರುವುದನ್ನೇ ಹಿಡಿಯುತ್ತದೆ. ಎತ್ತರ ಕೂರಿಸಿಕೊಂಡು, ಒಂದೊಂದು ಡಿಗ್ರಿ ತಿರುಗಿಸುತ್ತಾ ಬನ್ನಿ. ಸಿಗ್ನಲ್ ಪೂರ್ತಿ ಇದೆ, ಚಾನೆಲ್ ಒಂದೂ ಇಲ್ಲ ಅಂದರೆ ನೀವು ಬೇರೆ ಉಪಗ್ರಹ ಹಿಡಿದಿದ್ದೀರಿ, ಬಹುಶಃ 19.2 ಡಿಗ್ರಿಯದ್ದು. ಅದು ಬಲಕ್ಕಿದೆ. ಡಿಶ್‌ನ ಹಿಂದೆ ನಿಂತು ಎಡಕ್ಕೆ, ಅಂದರೆ ಪೂರ್ವಕ್ಕೆ, ತಿರುಗಿಸಿ. ನಮ್ಮನೆಯವರು ಹೊರಗೆ ಇದ್ದಾಗ ನಾನು ಟಿವಿಯ ಸಿಗ್ನಲ್ ಪಟ್ಟಿಯನ್ನು ವೀಡಿಯೊ ಕಾಲ್‌ನಲ್ಲಿ ತೋರಿಸುತ್ತೇನೆ. ನೆಟ್‌ವರ್ಕ್ ಇಲ್ಲದ ಕಡೆ ಕಿಟಕಿ ಬಡಿಯುತ್ತೇನೆ. ಒಂದು ಬಡಿತ ಅಂದರೆ ಇಲ್ಲ, ಎರಡು ಅಂದರೆ ನಿಲ್ಲಿ.

ಗಾಳಿಗೆ ಡಿಶ್ ಬೀಳದ ಹಾಗೆ ನೀರು ತುಂಬಿದ ಐದು ಲೀಟರ್ ಕ್ಯಾನ್ ಒಂದನ್ನು ಟ್ರೈಪಾಡ್‌ನ ನಡುವೆ ನೇತು ಹಾಕಿ.

ಹೆಜ್ಜೆ 5: ಇಂಟರ್ನೆಟ್, ಮೊದಲು ಫೋನ್ ಒಂದರಿಂದಲೇ

ಸೈಟಿನ ವೈಫೈ ವಾಟ್ಸಾಪ್ ಮೆಸೇಜಿಗೆ ಸಾಕು. ಸಂಜೆ ಏಳು ಗಂಟೆಗೆ ಎಲ್ಲರೂ ಒಟ್ಟಿಗೆ ಕೂತಾಗ ಅಮ್ಮನ ಮುಖ ಅರ್ಧಕ್ಕೆ ನಿಂತುಬಿಡುತ್ತದೆ. ಆಫೀಸ್ ಕೆಲಸಕ್ಕಂತೂ ಅದನ್ನು ನಂಬಬೇಡಿ.

ಮೊಬೈಲ್ ಡೇಟಾವೇ ಬೆನ್ನೆಲುಬು. ಮೊದಲು ಫೋನ್ ಹಿಡಿದು ಕಾರವಾನ್‌ನಿಂದ ಹೊರಗೆ ಬನ್ನಿ. ಒಳಗೆ ಒಂದು ಕಡ್ಡಿ, ಹೊರಗೆ ಮೂರು ಕಡ್ಡಿ ಅಂದರೆ ತೊಂದರೆ ಟವರ್‌ದಲ್ಲ, ನಿಮ್ಮ ಗೋಡೆಯದ್ದು. ಕಡ್ಡಿ ನೋಡುವುದಕ್ಕಿಂತ ಅಂಕಿ ನೋಡುವುದು ಒಳ್ಳೆಯದು. ಆಂಡ್ರಾಯ್ಡ್ ಫೋನ್‌ನ ಸಿಮ್ ಸ್ಟೇಟಸ್ ಪುಟದಲ್ಲಿ ಡಿಬಿಎಂ (ಸಿಗ್ನಲ್ ಬಲದ ಅಳತೆ) ಅಂತ ಮೈನಸ್ ಅಂಕಿ ಇರುತ್ತದೆ. 4ಜಿಯಲ್ಲಿ ಮೈನಸ್ 90ರ ಸುತ್ತ ಇದ್ದರೆ ನಿಶ್ಚಿಂತೆ, ಮೈನಸ್ 105 ಆದರೆ ಒದ್ದಾಟ, ಮೈನಸ್ 115 ದಾಟಿದರೆ ಸುಮ್ನೆ ಪುಸ್ತಕ ಓದಿ. ಆ ಅಂಕಿ ಹಿಡಿದುಕೊಂಡು ಕಾರವಾನಿನ ಸುತ್ತ ಒಂದು ಸುತ್ತು ಹಾಕಿ. ಯಾವ ಮೂಲೆಯಲ್ಲಿ ಚೆನ್ನಾಗಿದೆಯೋ ಆ ಕಡೆಯ ಕಿಟಕಿಗೆ ಇನ್ನೊಂದು ಹಳೆಯ ಫೋನನ್ನು ಹಾಟ್‌ಸ್ಪಾಟ್ ಮಾಡಿ ಅಂಟಿಸಿ. ಖರ್ಚು ಸೊನ್ನೆ. ಕೆಲವು ಸೈಟ್‌ಗಳಲ್ಲಿ ನಮಗೆ ಇಷ್ಟೇ ಸಾಕಾಗಿದೆ.

ಕಡ್ಡಿ ಪೂರ್ತಿ ಇದ್ದರೂ ಪುಟ ತೆರೆಯುವುದಿಲ್ಲವಾ? ಅದು ಜನಜಂಗುಳಿ. ಆಗಸ್ಟ್‌ನಲ್ಲಿ ಕಾರ್ನ್‌ವಾಲ್‌ಗೆ ಹೋದವರಿಗೆ ಗೊತ್ತಿರುತ್ತದೆ, ಸಣ್ಣ ಊರಿನ ಟವರ್‌ಗೆ ದೊಡ್ಡ ಊರಿನ ಜನ. ಅದಕ್ಕೆ ಯಾವ ಆಂಟೆನಾವೂ ಮದ್ದಲ್ಲ. ಬೇರೆ ನೆಟ್‌ವರ್ಕ್‌ಗೆ ಹಾರಬೇಕು. ಅದಕ್ಕೇ ಎರಡು ಸಿಮ್ ಇಟ್ಟುಕೊಳ್ಳಿ, ಎರಡೂ ಬೇರೆ ಬೇರೆ ಟವರ್‌ನವು. ಇಲ್ಲಿ ಹೆಸರು ನೋಡಿ ಮೋಸ ಹೋಗಬೇಡಿ. ಗಿಫ್‌ಗ್ಯಾಫ್, ಟೆಸ್ಕೊ ಎರಡೂ ಒ2 ಟವರ್‌ಗಳನ್ನೇ ಬಳಸುತ್ತವೆ. ವೋಕ್ಸಿ, ಲೆಬಾರಾ ವೊಡಾಫೋನ್. ಸ್ಮಾರ್ಟಿ ಅಂದರೆ ತ್ರೀ. ಗಿಫ್‌ಗ್ಯಾಫ್ ಜೊತೆಗೆ ಟೆಸ್ಕೊ ಇಟ್ಟುಕೊಂಡರೆ ಒಂದೇ ಕೊಡೆಯನ್ನು ಎರಡು ಸಲ ಕೊಂಡಹಾಗೆ. ಒಪ್ಪಂದ ಇಲ್ಲದ ಮೂವತ್ತು ದಿನದ ಸಿಮ್ ತೆಗೆದುಕೊಳ್ಳಿ, ರಜೆ ಮುಗಿದಮೇಲೆ ನಿಲ್ಲಿಸಿ. ಹಾಟ್‌ಸ್ಪಾಟ್‌ಗೆ ಮಿತಿ ಇದೆಯಾ ಅಂತ ಮಾತ್ರ ಮೊದಲೇ ಓದಿ.

ಡೇಟಾ ಲೆಕ್ಕ: ಮಾಮೂಲಿ ವೀಡಿಯೊ ಗಂಟೆಗೆ ಒಂದು ಜಿಬಿಯ ಒಳಗೆ, ಎಚ್‌ಡಿ ಮೂರು ಜಿಬಿ ಹತ್ತಿರ. ಮನೆಯ ವೈಫೈನಲ್ಲೇ ಎರಡು ಸಿನಿಮಾ ಡೌನ್‌ಲೋಡ್ ಮಾಡಿಕೊಂಡು ಹೊರಟರೆ ಮಳೆಯ ಸಂಜೆಗೆ ಆಯ್ತು.

ಹೆಜ್ಜೆ 6: ರೂಟರ್, ಹೊರಗಿನ ಆಂಟೆನಾ

ತಿಂಗಳಿಗೆ ಎರಡು ವಾರಾಂತ್ಯ ಹೋಗುವವರು, ಕಾರವಾನ್‌ನಿಂದಲೇ ಆಫೀಸ್ ಕೆಲಸ ಮಾಡುವವರು ಮಾತ್ರ ಇಲ್ಲಿಗೆ ಬನ್ನಿ. 4ಜಿ ರೂಟರ್, ಅದಕ್ಕೆ ಸೂರಿನ ಮೇಲೆ ಒಂದು ಆಂಟೆನಾ. ರೂಟರ್ ಕೊಳ್ಳುವಾಗ ಎರಡು ನೋಡಿ: 12 ವೋಲ್ಟ್‌ನಲ್ಲಿ ಓಡುತ್ತಾ, ಹೊರಗಿನ ಆಂಟೆನಾ ಸಿಕ್ಕಿಸಲು ಎರಡು ತೂತು ಇವೆಯಾ. ಒಂದಲ್ಲ, ಎರಡು. 4ಜಿ ಎರಡು ದಾರಿಯಲ್ಲಿ ಡೇಟಾ ತರುತ್ತದೆ, ಒಂದೇ ತಂತಿ ಹಾಕಿದರೆ ಅರ್ಧ ಕೆಲಸ ಕೈಬಿಟ್ಟಹಾಗೆ. ಆಂಟೆನಾದಿಂದ ರೂಟರ್‌ಗೆ ತಂತಿ ಎಷ್ಟು ಗಿಡ್ಡ ಇದ್ದರೆ ಅಷ್ಟು ಒಳ್ಳೆಯದು. ಮೇಲೆ ಹಿಡಿದ ಸಿಗ್ನಲ್ಲನ್ನು ಉದ್ದನೆಯ ತೆಳು ತಂತಿಯೇ ತಿಂದುಹಾಕುತ್ತದೆ. ಹಳೆಯ 3ಜಿ ಡಾಂಗಲ್ ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ, ಇಲ್ಲಿ ಆ ಕಾಲ ಮುಗಿಯಿತು.

ಆನ್‌ಲೈನ್‌ನಲ್ಲಿ "ಸಿಗ್ನಲ್ ಬೂಸ್ಟರ್" ಅಂತ ಮಾರುತ್ತಾರಲ್ಲ, ಅದರ ವಿಷಯ ಹುಷಾರು. ಆಫ್‌ಕಾಮ್ ನಿಯಮಕ್ಕೆ ಹೊಂದದ ಬೂಸ್ಟರ್ ಬಳಸುವುದು ಬ್ರಿಟನ್ನಿನಲ್ಲಿ ಕಾನೂನಿಗೆ ವಿರುದ್ಧ, ಸುತ್ತಲಿನವರ ನೆಟ್‌ವರ್ಕ್ ಕೆಡುತ್ತದೆ. ನಾನೂ ಒಂದು ತರಿಸಿದ್ದೆ. ಡಬ್ಬಿಯ ಮೇಲೆ ಯಾವ ಬ್ಯಾಂಡ್ ಅಂತ ಕೂಡ ಬರೆದಿರಲಿಲ್ಲ. ವಾಪಸ್ ತೆಗೆದುಕೊಳ್ಳಲಿಲ್ಲ, ಕಸಕ್ಕೆ ಹೋಯ್ತು.

ಹೆಜ್ಜೆ 7: ಸ್ಟಾರ್‌ಲಿಂಕ್ ಬೇಕಾ?

ಸ್ಟಾರ್‌ಲಿಂಕ್ ಅಂದರೆ ಉಪಗ್ರಹದಿಂದ ಬರುವ ಇಂಟರ್ನೆಟ್. ಯಾವ ಮೊಬೈಲೂ ಹಿಡಿಯದ ಸ್ಕಾಟ್ಲೆಂಡಿನ ಮೂಲೆಗೆ ಹೋಗಿ ಅಲ್ಲಿಂದ ಮೀಟಿಂಗ್ ಮಾಡಬೇಕಾದರೆ ಬೇಕು. ವಾರಾಂತ್ಯಕ್ಕೆ ಮಕ್ಕಳ ಕಾರ್ಟೂನ್‌ಗೆ ಬೇಡ. ಮಿನಿ ಅನ್ನುವ ಸಣ್ಣ ಮಾದರಿ 1.1 ಕಿಲೋ ತೂಕ, ವೈಫೈ ಅದರೊಳಗೇ ಇದೆ, 12 ವೋಲ್ಟ್‌ನಲ್ಲೂ ಓಡುತ್ತದೆ. ಸುಮಾರು 25ರಿಂದ 40 ವ್ಯಾಟ್ ತಿನ್ನುತ್ತದೆ. ಕರೆಂಟ್ ಹುಕ್‌ಅಪ್ (ಸೈಟಿನ ವಿದ್ಯುತ್ ಸಂಪರ್ಕ) ಇಲ್ಲದ ಕಡೆ ಇದನ್ನು ಲೆಕ್ಕ ಹಾಕಿ: 30 ವ್ಯಾಟ್ ಅಂದರೆ 12 ವೋಲ್ಟ್‌ನಲ್ಲಿ ಗಂಟೆಗೆ ಎರಡೂವರೆ ಆಂಪ್‌ಅವರ್, ಹತ್ತು ಗಂಟೆಗೆ 25. ನೂರು ಆಂಪ್‌ಅವರ್‌ನ ಮಾಮೂಲಿ ಲೆಡ್ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಬೇಕು, ಅಂದರೆ ಎರಡು ದಿನಕ್ಕೆ ಮುಗಿಯಿತು, ಅದೂ ದೀಪ, ಪಂಪ್ ಬಿಟ್ಟು. ರಾತ್ರಿ ಆಫ್ ಮಾಡಿ.

ಮರದ ವಿಷಯದಲ್ಲಿ ಇದು ಡಿಶ್‌ಗಿಂತ ಹಠಮಾರಿ. ಡಿಶ್‌ಗೆ ಒಂದು ಸಣ್ಣ ಕಿಂಡಿ ಸಾಕು. ಇದರ ಉಪಗ್ರಹಗಳು ಓಡುತ್ತಲೇ ಇರುವುದರಿಂದ ಆಕಾಶದ ದೊಡ್ಡ ಭಾಗವೇ ಬೇಕು. ಆ್ಯಪ್‌ನಲ್ಲಿ ಕ್ಯಾಮೆರಾ ಹಿಡಿದು ಅಡ್ಡಿ ಎಲ್ಲಿದೆ ಅಂತ ನೋಡಬಹುದು. ಅದನ್ನು ಪಿಚ್ ಆರಿಸುವ ಮುಂಚೆಯೇ ಮಾಡಿ. ಪ್ಲಾನ್‌ಗಳ ದರ ಬದಲಾಗುತ್ತಲೇ ಇರುತ್ತದೆ, ಕೊಳ್ಳುವ ದಿನ ನೋಡಿಕೊಳ್ಳಿ.

ಟಿವಿ ಲೈಸೆನ್ಸ್ ಬಗ್ಗೆ

ಇಲ್ಲಿ ಟಿವಿ ನೋಡಲು ದುಡ್ಡು ಕಟ್ಟಿ ಲೈಸೆನ್ಸ್ ತೆಗೆದುಕೊಳ್ಳಬೇಕು. ಊರಿಂದ ಹೊಸದಾಗಿ ಬಂದವರು ಇದನ್ನು ಕೇಳಿ ನಗುತ್ತಾರೆ, ಆಮೇಲೆ ಕಾಗದ ಬರುತ್ತದೆ. ಎಳೆದುಕೊಂಡು ಹೋಗುವ ಕಾರವಾನ್‌ಗೆ ನಿಮ್ಮ ಮನೆಯ ಲೈಸೆನ್ಸೇ ಸಾಕು. ಒಂದೇ ಕಡೆ ನಿಂತಿರುವ ಸ್ಟ್ಯಾಟಿಕ್ ಕಾರವಾನ್ ಆದರೆ, ಅಲ್ಲಿ ಮತ್ತು ಮನೆಯಲ್ಲಿ ಒಂದೇ ಹೊತ್ತಿಗೆ ಟಿವಿ ನೋಡದಿದ್ದರೆ ಮಾತ್ರ ಮನೆಯದ್ದು ಸಾಕಾಗುತ್ತದೆ, ಹಾಗಂತ ಒಂದು ಫಾರ್ಮ್ ತುಂಬಿ ಕೊಡಬೇಕು. ಫೋನಿನಲ್ಲಿ ಕನ್ನಡ ನ್ಯೂಸ್ ಚಾನೆಲನ್ನು ಯೂಟ್ಯೂಬ್‌ನಲ್ಲಿ ಲೈವ್ ನೋಡುವುದಕ್ಕೂ ಲೈಸೆನ್ಸ್ ಬೇಕು, ಚಾನೆಲ್ ಯಾವ ದೇಶದ್ದಾದರೂ ಸರಿ. ಬಿಬಿಸಿಯ ಆನ್‌ಲೈನ್ ಸೇವೆ ಐಪ್ಲೇಯರ್‌ಗೂ ಬೇಕು.

ಹೊರಡುವಾಗ

ಗ್ಯಾಸ್ ಬಂದ್, ಕಿಟಕಿ ಬಂದ್, ನೀರಿನ ಕ್ಯಾನ್ ಖಾಲಿ. ಈ ಪಟ್ಟಿಯ ಮೇಲೆ, ಎಲ್ಲಕ್ಕಿಂತ ಮುಂಚೆ, "ಆಂಟೆನಾ ಕೆಳಗೆ" ಅಂತ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿ. ಕಂಬ ಇಳಿಸಿ, ತಯಾರಕರು ಹೇಳಿದ ದಿಕ್ಕಿಗೆ ತಿರುಗಿಸಿ, ಬಿಗಿ ಮಾಡಿ. ನಮ್ಮ ಪಟ್ಟಿಯಲ್ಲಿ ಆ ಸಾಲು ಕೆಂಪು ಇಂಕಿನಲ್ಲಿದೆ. ಬಾಲಾದಿಂದ ವಾಪಸ್ ಬರುವಾಗ ಮೂರು ಮೈಲಿ ಆದಮೇಲೆ ಹಿಂದಿನ ಕಾರಿನವರು ಹಾರ್ನ್ ಹೊಡೆದು ಸೂರಿನ ಕಡೆ ಕೈ ತೋರಿಸಿದ್ದರು. ಕಂಬ ಹಾಗೇ ಮೇಲಿತ್ತು, ತುದಿಗೆ ಒಂದು ಹೇಜಲ್ ಕೊಂಬೆ ಸಿಕ್ಕಿಕೊಂಡಿತ್ತು.